ಗಂಡ, ಹೆಂಡತಿ, ಒಂದು ಬೆಕ್ಕು, ಅರ್ಧ ನಾಯಿ

ಮುಂಬಯಿಯ ಉಡುಪಿ ಹೋಟೆಲುಗಳನ್ನು ಕುರಿತು ಬರೆದವರು ಅನೇಕರಿದ್ದಾರೆ. ಇಡ್ಲಿಯ ಮೃದುತ್ವವನ್ನು ಕೊಂಡಾಡಿದವರುಂಟು. ಬರಿಗೈಯಲ್ಲಿ ಬಂದು ಮಾಲಿಕರಾದವರ ಸಾಹಸವನ್ನು ಬಣ್ಣಿಸಿದವರುಂಟು. ಮಾಟುಂಗಾ ಸ್ಟೇಶನ್ನಿನ ಬಳಿ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಊಟದ ರುಚಿಯನ್ನು ಮರಾಠಿಗರೂ ಗುಜರಾತಿಗಳೂ ಬಲ್ಲರು. ಆದರೆ ರಾತ್ರಿ ಹೋಟೆಲಿನ ಬಾಗಿಲೆಳೆದ ಮೇಲೆ, ಹಗಲೆಲ್ಲ ಅಲ್ಲಿ ದುಡಿದವನು ಎಲ್ಲಿಗೆ ಹೋಗುತ್ತಾನೆ, ಅಲ್ಲಿ ಅವನಿಗಾಗಿ ಕಾದಿರುವವರು ಯಾರು ಎಂದು ಕೇಳಿದವರು ವಿರಳ.

ಬಹುಕಾಲ ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಅವನು ಎಲ್ಲಿಗೂ ಹೋಗುತ್ತಿರಲಿಲ್ಲ. ಗಿರಾಕಿಗಳು ಕುಳಿತೆದ್ದ ಮೇಜುಗಳನ್ನೇ ಜೋಡಿಸಿ, ಅದರ ಮೇಲೆ ಚಾಪೆ ಹಾಸಿ ಮಲಗುತ್ತಿದ್ದನು. ಹೆಂಡತಿ ಊರಿನಲ್ಲಿ, ಅತ್ತೆ ಮಾವಂದಿರ ಬಳಿ. ತಿಂಗಳಿಗೊಂದು ಮನಿಯಾರ್ಡರು, ಬಿಡುವಿದ್ದರೆ ಒಂದು ಕಾಗದ, ವರ್ಷಕ್ಕೊಮ್ಮೆ ರಜೆ. ಹೀಗೆ ಎಷ್ಟೋ ದಾಂಪತ್ಯಗಳು ಅಂಚೆಯವನ ಚೀಲದಲ್ಲಿಯೇ ಬಾಳಿ ಮುಗಿದುವು. ಇಂದು ಕಾಗದದ ಸ್ಥಾನಕ್ಕೆ ಮೊಬೈಲು ಬಂದಿದೆ. ಮನಿಯಾರ್ಡರಿನ ಬದಲು ಹಣವು ಕ್ಷಣಮಾತ್ರದಲ್ಲಿ ಊರಿನ ಬ್ಯಾಂಕಿಗೆ ತಲಪುತ್ತದೆ. ಆದರೂ ಮುಂಬಯಿಯಲ್ಲಿ ಒಂದು ಕೋಣೆ ಹಿಡಿದು ಹೆಂಡತಿಯನ್ನು ಕರೆಸಿಕೊಳ್ಳುವುದು ನಮ್ಮ ಹೋಟೆಲು ಬಂಧುಗಳ ಪಾಲಿಗೆ ಇಂದಿಗೂ ಸಣ್ಣ ಸಾಧನೆಯೇನಲ್ಲ.

ಹಾಗೆ ಸಾಧಿಸಿದ ಒಂದು ಸಂಸಾರದ ದಿನಚರಿಯನ್ನು ಈ ಸಲ ವಾಚಕರ ಮುಂದಿಡಬೇಕೆಂದಿದ್ದೇವೆ. ಹೆಸರು ಬೇಡವೆಂದು ಆ ದಂಪತಿಗಳು ಕೇಳಿಕೊಂಡಿದ್ದಾರೆ, ಆದುದರಿಂದ ಹೇಳುವುದಿಲ್ಲ. ವಡಾಲದಿಂದ ಮಾಟುಂಗಾಕ್ಕೆ ಬರುವ ದಾರಿಯಲ್ಲಿ ಇನ್ನೂ ಉಳಿದುಕೊಂಡಿರುವ ಹಳೆಯ ಚಾಳುಗಳಲ್ಲೊಂದು ಅವರ ವಾಸಸ್ಥಾನ. ಯಜಮಾನರು ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಮನೆಯಾಕೆ ಸೀರೆಗಳಿಗೆ ಫಾಲ್ ಹಚ್ಚಿ, ಕುಚ್ಚು ಕಟ್ಟಿ ನಾಲ್ಕು ಕಾಸು ಸಂಪಾದಿಸುವವರು. ಇಬ್ಬರೂ ಉಡುಪಿಯ ಆಸುಪಾಸಿನವರು. ಮನೆಯ ಮಾತು ತುಳು, ಓದು ಬರಹ ಕನ್ನಡ, ಚಾಳಿನ ಜಗಳಕ್ಕೆ ಮರಾಠಿ.

ಒಂಬತ್ತು ವರ್ಷದ ದಾಂಪತ್ಯ

ಮದುವೆಯಾದ ಒಂಬತ್ತು ವರ್ಷಗಳ ತರುವಾಯ ಆಕೆ ಮುಂಬಯಿಗೆ ಬಂದರು. ಆ ಒಂಬತ್ತು ವರ್ಷಗಳಲ್ಲಿ ಗಂಡಹೆಂಡಿರು ಒಂದೇ ಸೂರಿನಡಿ ಕಳೆದ ದಿನಗಳನ್ನೆಲ್ಲ ಕೂಡಿಸಿದರೆ ಒಂದು ವರ್ಷವಾಗುವುದಿಲ್ಲ. ಬಂಧುಗಳೆಲ್ಲ, ಇನ್ನು ನೀವು ಸುಖವಾಗಿ ಇರಬಹುದು ಎಂದು ಹರಸಿ ಕಳುಹಿಸಿದರಂತೆ. ಸುಖದ ಮಾತು ಹಾಗಿರಲಿ; ಮೊದಲ ತಿಂಗಳುಗಳಲ್ಲಿ ಏನು ಮಾತನಾಡುವುದೆಂಬುದೇ ಇಬ್ಬರಿಗೂ ತಿಳಿಯದ ಸಂಗತಿಯಾಗಿತ್ತು.

“ಊರಿಗೆ ಬಂದಾಗ ಇವರು ನೆಂಟರ ಹಾಗೆ ಬರುತ್ತಿದ್ದರು. ನೆಂಟರಿಗೆ ಏನು ಮಾಡಿ ಬಡಿಸಬೇಕೆಂದು ನನಗೆ ಗೊತ್ತಿತ್ತು. ದಿನಾ ಇರುವವರಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ” ಎಂದು ಆಕೆ ನಗುತ್ತ ಹೇಳಿದರು. ಆ ನಗೆಯ ಹಿಂದೆ ಎಷ್ಟು ಸಂಜೆಗಳ ಮೌನವಿತ್ತೆಂಬುದನ್ನು ನಾವು ಊಹಿಸಬಲ್ಲೆವು.

ಯಜಮಾನರ ದಿನ ಆರಂಭವಾಗುವುದು ಬೆಳಿಗ್ಗೆ ನಾಲ್ಕೂವರೆಗೆ. ಐದೂವರೆಗೆ ಗಲ್ಲಾದ ಮುಂದೆ ಇರಬೇಕು. ಮಧ್ಯಾಹ್ನ ಒಂದಕ್ಕೆ ಬಂದು ಉಂಡು ಒರಗುತ್ತಾರೆ. ನಾಲ್ಕಕ್ಕೆ ಮತ್ತೆ ಹೊರಟರೆ ಬರುವುದು ರಾತ್ರಿ ಹತ್ತಕ್ಕೆ. ಹಗಲೆಲ್ಲ ಗಿರಾಕಿಗಳೊಡನೆ ಚಿಲ್ಲರೆಯ ವಿಷಯ ಮಾತಾಡಿ ದಣಿದ ನಾಲಿಗೆಗೆ ಮನೆಯಲ್ಲಿ ವಿಶ್ರಾಂತಿ ಬೇಕು. ಇತ್ತ ಹತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ಸೂಜಿದಾರದೊಡನೆ ದಿನವಿಡೀ ಕುಳಿತ ಹೆಂಡತಿಗೆ ಮಾತು ಬೇಕು. ಇವರಿಗೆ ಬೇಕಾದ ಮೌನವೂ ಅವರಿಗೆ ಬೇಕಾದ ಮಾತೂ ಒಂದೇ ಕೋಣೆಯಲ್ಲಿ ಹಿಡಿಸುವುದು ಕಷ್ಟ. ಇದು ಈ ಒಂದು ಮನೆಯ ಕಥೆಯಲ್ಲ. ನಮ್ಮ ಸಾವಿರಾರು ಮನೆಗಳ ಕಥೆ.

ಪುಚ್ಚೆಯ ಆಗಮನ

ಇಂತಹ ಮನೆಗೆ ಒಂದು ಜುಲೈ ತಿಂಗಳ ಮಳೆಯ ರಾತ್ರಿ ಮೂರನೆಯದೊಂದು ಜೀವ ಪ್ರವೇಶಿಸಿತು. ಯಾರೂ ಕರೆಯಲಿಲ್ಲ, ಯಾರೂ ಕೊಂಡು ತರಲಿಲ್ಲ. ಚಾಳಿನ ಪಡಸಾಲೆಯಲ್ಲಿ ಒದ್ದೆಯಾಗಿ ನಡುಗುತ್ತಿದ್ದ ಬೆಕ್ಕಿನ ಮರಿ, ತೆರೆದ ಬಾಗಿಲನ್ನು ಕಂಡು ಒಳಬಂದು, ಮಡಿಸಿಟ್ಟ ಸೀರೆಗಳ ರಾಶಿಯ ಮೇಲೆ ಮಲಗಿತು. ಪರರ ಸೀರೆ ಹಾಳಾಗುವುದೆಂದು ಆಕೆ ಅದನ್ನೆತ್ತಿ ಹೊರಗಿಟ್ಟರು. ಅದು ಮತ್ತೆ ಬಂದಿತು. ಮೂರನೆಯ ಸಲ ಹಳೆಯ ಬೈರಾಸವೊಂದನ್ನು ಮೂಲೆಯಲ್ಲಿ ಹಾಸಿಕೊಟ್ಟರು. ಅಲ್ಲಿಗೆ ಆ ವ್ಯಾಜ್ಯ ಇತ್ಯರ್ಥವಾಯಿತು.

ತುಳುವಿನಲ್ಲಿ ಬೆಕ್ಕಿಗೆ ‘ಪುಚ್ಚೆ’ ಎನ್ನುತ್ತಾರಷ್ಟೆ. ಬೇರೆ ಹೆಸರಿಡುವ ಶ್ರಮವನ್ನು ಇವರು ತೆಗೆದುಕೊಳ್ಳಲಿಲ್ಲ. ಪಕ್ಕದ ಕೋಣೆಯ ಮಾಲ್ವಣದ ಅಜ್ಜಿ ಅದನ್ನು ‘ಮನಿ’ ಎಂದು ಕರೆಯುತ್ತಾರೆ. ಎರಡು ಹೆಸರಿಗೂ ಅದು ಓಗೊಡುತ್ತದೆ. ನಮ್ಮ ಹೋಟೆಲಿನ ಹುಡುಗರಂತೆ ಅದಕ್ಕೂ ಅನ್ನ ದೊರೆಯುವ ಭಾಷೆಗಳೆಲ್ಲ ಬೇಗನೆ ಬಂದುವು.

ಆದರೆ ಅನ್ನದ ವಿಷಯದಲ್ಲಿಯೇ ತೊಡಕು ಬಂದಿತು. ಇವರು ಸಸ್ಯಾಹಾರಿಗಳು. ಬೆಕ್ಕಿಗೆ ಹಾಲು ಅನ್ನ ಹಾಕಿದರೆ ಸಾಕೆಂದು ನಾವೆಲ್ಲ ಬಾಲ್ಯದಿಂದ ನಂಬಿಕೊಂಡು ಬಂದವರು. ವಾಸ್ತವವಾಗಿ, ಮರಿತನ ಕಳೆದ ಬೆಕ್ಕುಗಳಲ್ಲಿ ಹೆಚ್ಚಿನವುಗಳಿಗೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಟಾರೀನ್ ಎಂಬ ಪೋಷಕಾಂಶ ಅದಕ್ಕೆ ಮಾಂಸ ಮೀನುಗಳಿಂದಲೇ ಸಿಗಬೇಕು. ಸಿಗದಿದ್ದರೆ ಕಣ್ಣು ಮಂಜಾಗಿ, ಹೃದಯವೂ ದುರ್ಬಲವಾಗುತ್ತದೆ. ಈ ಸಂಗತಿಯನ್ನು ಪರಳದ ಪ್ರಾಣಿಗಳ ಆಸ್ಪತ್ರೆಯ ವೈದ್ಯರು ತಿಳಿಸಿದಾಗ ದಂಪತಿಗಳು ಚಿಂತೆಗೊಳಗಾದರು. ಮಾರ್ಗವನ್ನು ತೋರಿಸಿದವರು ಮಾಲ್ವಣದ ಅಜ್ಜಿ. “ಮೀನು ನನ್ನ ಬಾಗಿಲಲ್ಲಿ, ನಿದ್ದೆ ನಿಮ್ಮ ಬಾಗಿಲಲ್ಲಿ” ಎಂದು ಅವರು ತೀರ್ಪುಕೊಟ್ಟರು. ಅಂದಿನಿಂದ ಪುಚ್ಚೆಯ ಭೋಜನಶಾಲೆ ಒಂದು ಕಡೆ, ಶಯನಗೃಹ ಇನ್ನೊಂದು ಕಡೆ. ಪ್ರತಿಯಾಗಿ ಅಜ್ಜಿಯ ಮನೆಗೆ ವಾರಕ್ಕೊಮ್ಮೆ ಪತ್ರೊಡೆ, ಕೊಟ್ಟೆಕಡುಬುಗಳು ಹೋಗುತ್ತವೆ. ನಾಲ್ಕು ವರ್ಷ ಅಕ್ಕಪಕ್ಕದಲ್ಲಿದ್ದೂ ನಮಸ್ಕಾರಕ್ಕಿಂತ ಮುಂದೆ ಹೋಗದಿದ್ದ ಎರಡು ಮನೆಗಳನ್ನು ಒಂದು ಬೆಕ್ಕು ಜೋಡಿಸಿತು.

ಗಂಡಹೆಂಡಿರ ನಡುವಣ ಮೌನವೂ ಮುರಿದದ್ದು ಅದರಿಂದಲೇ. ರಾತ್ರಿ ಹತ್ತಕ್ಕೆ ಮನೆಗೆ ಬಂದ ಯಜಮಾನರು ಚಪ್ಪಲಿ ಬಿಡುತ್ತಲೇ ಕೇಳುವ ಮೊದಲ ಪ್ರಶ್ನೆ, ಇವತ್ತು ಅದು ಏನು ಮಾಡಿತು ಎಂಬುದಾಗಿ. ಆಕೆ ಹೇಳುತ್ತಾರೆ: ಪಾರಿವಾಳದ ಬೆನ್ನು ಹತ್ತಿ ಬಿದ್ದದ್ದು, ದಾರದ ಉಂಡೆಯನ್ನು ಮಂಚದಡಿ ಒಯ್ದದ್ದು, ಫಾಲ್ ಹಚ್ಚುವಾಗ ಸೀರೆಯ ಸೆರಗಿನ ಮೇಲೆ ಕುಳಿತು ಏಳಲು ಒಪ್ಪದ್ದು. ಬೆಕ್ಕಿನ ವರದಿಯಿಂದ ಆರಂಭವಾದ ಮಾತು ಚಾಳಿನ ನಲ್ಲಿಗೆ, ಊರಿನ ತೋಟಕ್ಕೆ, ಹೋಟೆಲಿನ ಹೊಸ ಭಟ್ಟರ ಕೈಗುಣಕ್ಕೆ ಹರಿಯುತ್ತದೆ. ಅವರಿಗೆ ಮಕ್ಕಳಿಲ್ಲ. ಅದಕ್ಕೇ ಬೆಕ್ಕನ್ನು ಸಾಕಿದ್ದಾರೆಂದು ಕೆಲವರು ಮರುಕದಿಂದ ಆಡುವುದುಂಟು. ಆ ಮರುಕ ಆಕೆಗೆ ಹಿಡಿಸುವುದಿಲ್ಲ. “ಮಗು ಮಗುವೇ, ಬೆಕ್ಕು ಬೆಕ್ಕೇ. ಒಂದರ ಬದಲಿಗೆ ಇನ್ನೊಂದನ್ನು ಇಟ್ಟುಕೊಳ್ಳಲಿಕ್ಕೆ ಇದೇನು ಪಾತ್ರೆಯಾ?” ಎಂದು ಆಕೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಒಂದು ವರ್ಷ ತುಂಬುವ ಮೊದಲೇ ಪುಚ್ಚೆ ನಾಲ್ಕು ಮರಿಗಳನ್ನು ಹಾಕಿತು. ಬೆಕ್ಕು ಗರ್ಭ ಧರಿಸಿದರೆ ಸುಮಾರು ಒಂಬತ್ತು ವಾರಗಳಲ್ಲಿ ಹೆರಿಗೆ. ಹೀಗೆಯೇ ಬಿಟ್ಟರೆ ವರ್ಷಕ್ಕೆ ಎರಡು ಮೂರು ಸಲ. ಹತ್ತು ಅಡಿಯ ಕೋಣೆ ಆ ಲೆಕ್ಕವನ್ನು ತಾಳಲಾರದು. ನಾಲ್ಕು ಮರಿಗಳಿಗೆ ನಾಲ್ಕು ಮನೆ ಹುಡುಕಲು ಯಜಮಾನರು ಎರಡು ತಿಂಗಳು ಗಲ್ಲಾದಲ್ಲಿ ಕುಳಿತು ಗಿರಾಕಿಗಳನ್ನು ಪೀಡಿಸಿದರು. ಆಮೇಲೆ ಪುಚ್ಚೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರು. ಅದು ಪಾಪವೆಂದು ಹೇಳಿದವರಿಗೆ ಅವರು ಕೊಟ್ಟ ಉತ್ತರ ಇಷ್ಟೇ: ಹುಟ್ಟಿದ ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಮಾರುಕಟ್ಟೆಯಲ್ಲಿ ಬಿಟ್ಟುಬರುವುದು ಇನ್ನೂ ದೊಡ್ಡ ಪಾಪ.

ರಾಜನ ಕಥೆ

ಇನ್ನು ಅರ್ಧ ನಾಯಿಯ ವಿಷಯ. ಚಾಳಿನ ಅಂಗಳದಲ್ಲಿ ಕಂದು ಬಣ್ಣದ, ಬಾಲ ಸುರುಳಿಯಾದ ಒಂದು ಬೀದಿ ನಾಯಿ ಇದೆ. ಅದರ ಹೆಸರು ರಾಜ. ಅದು ಯಾರ ಸ್ವತ್ತೂ ಅಲ್ಲ. ಅರ್ಧ ಚಾಳಿನದು, ಅರ್ಧ ನಮ್ಮದು ಎಂದು ಯಜಮಾನರು ಹೇಳಿಕೊಳ್ಳುತ್ತಾರೆ. ಮುಂಜಾನೆ ಐದಕ್ಕೆ ಅವರು ಕತ್ತಲಲ್ಲಿ ಮೆಟ್ಟಿಲಿಳಿದರೆ ರಾಜನೂ ಏಳುತ್ತಾನೆ. ದೊಡ್ಡ ರಸ್ತೆಯ ತಿರುವಿನವರೆಗೆ ಜೊತೆಗೆ ನಡೆದು, ಅಲ್ಲಿ ನಿಂತು, ಅವರು ರಸ್ತೆ ದಾಟಿದ್ದನ್ನು ನೋಡಿ ಹಿಂದಿರುಗುತ್ತಾನೆ. ಆ ತಿರುವಿನಾಚೆ ಬೇರೆ ನಾಯಿಗಳ ರಾಜ್ಯ. ಗಡಿಯ ವಿಷಯದಲ್ಲಿ ನಾಯಿಗಳಿಗಿರುವ ಶಿಸ್ತು ಮನುಷ್ಯರಿಗಿದ್ದಿದ್ದರೆ ಎಷ್ಟೋ ಆಯೋಗಗಳ ಅವಶ್ಯಕತೆಯೇ ಇರುತ್ತಿರಲಿಲ್ಲ.

ಹೋಟೆಲಿನವರು ನಾಯಿಗೆ ಅನ್ನ ಹಾಕುವುದು ಸಹಜ. ಆದರೆ ಉಳಿದದ್ದನ್ನೆಲ್ಲ ಹಾಕಬಾರದು. ನೀರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ. ಬೆಕ್ಕಿಗಂತೂ ಇನ್ನೂ ಅಪಾಯ. ಆದುದರಿಂದ ಸಾಂಬಾರು, ಆಲೂಗಡ್ಡೆ ಪಲ್ಯ, ಚಟ್ನಿ ಬಳಿದ ತಿಂಡಿ ಸಲ್ಲದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟುಗಳೂ ನಾಯಿಗೆ ವಿಷಸಮಾನ. ಬರಿಯ ಅನ್ನ, ಬರಿಯ ಇಡ್ಲಿ, ಬೇಯಿಸಿದ ಮೊಟ್ಟೆ ಒಳ್ಳೆಯವು; ಎಲ್ಲಕ್ಕಿಂತ ಮಿಗಿಲಾಗಿ ಬೇಸಗೆಯಲ್ಲಿ ಒಂದು ಬೋಗುಣಿ ನೀರು. ಹೋಟೆಲಿನಲ್ಲಿ ಎಂಜಲು ಬಕೆಟು ಹಿಡಿಯುವ ನಮ್ಮ ಹುಡುಗರು ಇದನ್ನು ನೆನಪಿಟ್ಟುಕೊಂಡರೆ ಎಷ್ಟೋ ಮೂಕಪ್ರಾಣಿಗಳಿಗೆ ಉಪಕಾರವಾದೀತು.

ಚಾಳಿನ ಸಭೆ

ಎರಡು ವರ್ಷಗಳ ಕೆಳಗೆ ರಾಜನ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಮೆಟ್ಟಿಲಿನಡಿ ಮಲಗಿದ್ದ ಅವನ ಬಾಲವನ್ನು ಆಟವಾಡುತ್ತಿದ್ದ ಬಾಲಕನೊಬ್ಬ ಅರಿಯದೆ ತುಳಿದ. ರಾಜ ಕಚ್ಚಿದ. ಮೀನಖಂಡದಲ್ಲಿ ಎರಡು ಹಲ್ಲಿನ ಗುರುತು ಮೂಡಿತು. ಯಾರೋ ಅರಿಸಿನ ಒತ್ತಲು ಬಂದರು, ಇನ್ನಾರೋ ಮೆಣಸಿನ ಪುಡಿ ತಂದರು. ಮನೆಯಾಕೆ ಎಲ್ಲರನ್ನೂ ಸರಿಸಿ, ಹುಡುಗನನ್ನು ನಲ್ಲಿಯ ಕೆಳಗೆ ನಿಲ್ಲಿಸಿ, ಸಾಬೂನು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆದರು. ಯಜಮಾನರು ಹೋಟೆಲಿನಿಂದ ಓಡಿಬಂದು ಅವನನ್ನು ಮಹಾನಗರಪಾಲಿಕೆಯ ಆಸ್ಪತ್ರೆಗೆ ಒಯ್ದರು.

ನಾವಿಲ್ಲಿ ಕಥೆಯನ್ನು ಕೊಂಚ ನಿಲ್ಲಿಸಿ ಒಂದು ಮಾತು ಹೇಳಲೇಬೇಕು. ಹುಚ್ಚುನಾಯಿ ರೋಗವೆಂಬ ರೇಬಿಸಿನ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಅಸಾಧ್ಯವೆಂದೇ ತಿಳಿಯಬೇಕು. ಆದರೆ ಸಕಾಲದಲ್ಲಿ ಲಸಿಕೆ ಪಡೆದವರಿಗೆ ಅದು ಬಾರದಂತೆ ತಡೆಯಬಹುದು. ಹಿಂದಿನಂತೆ ಹೊಟ್ಟೆಗೆ ಹದಿನಾಲ್ಕು ಚುಚ್ಚುವ ಕಾಲ ಇದಲ್ಲ. ತೋಳಿನ ಚರ್ಮಕ್ಕೆ ಕೊಡುವ ಪದ್ಧತಿಯಲ್ಲಿ ಮೊದಲ ದಿನ, ಅನಂತರ 3, 7 ಮತ್ತು 28ನೆಯ ದಿನಗಳಂದು ಸೂಜಿ. ಗಾಯ ಆಳವಾಗಿದ್ದು ರಕ್ತ ಬಂದಿದ್ದರೆ ಗಾಯದ ಸುತ್ತ ಬೇರೊಂದು ಔಷಧವನ್ನೂ ಕೊಡಬೇಕಾಗುತ್ತದೆ. ಪಾಲಿಕೆಯ ಆಸ್ಪತ್ರೆಗಳಲ್ಲಿ ಲಸಿಕೆಗೆ ಹಣವಿಲ್ಲ. ಕಚ್ಚಿದ್ದು ನಾಯಿಯಾಗಲಿ ಬೆಕ್ಕಾಗಲಿ, ಮನೆಯದಾಗಲಿ ಬೀದಿಯದಾಗಲಿ, ನೋಡೋಣವೆಂದು ಕಾಯುವುದು ಬುದ್ಧಿವಂತಿಕೆಯಲ್ಲ.

ಆ ರಾತ್ರಿ ಚಾಳಿನಲ್ಲಿ ಸಭೆ ಸೇರಿತು. ನಾಯಿಯನ್ನು ದೂರ ಒಯ್ದು ಬಿಡಬೇಕೆಂದವರು ಕೆಲವರು. ವಿಷವಿಡಬೇಕೆಂದು ಮೆಲುದನಿಯಲ್ಲಿ ಹೇಳಿದವರೂ ಇದ್ದರು. ಮುಂಬಯಿಗೆ ಈ ಜಗಳ ಹೊಸದಲ್ಲ. 1832ರಲ್ಲಿ ಬ್ರಿಟಿಷ್ ಅಧಿಕಾರಿಗಳು ಬೀದಿ ನಾಯಿಗಳನ್ನು ಕೊಲ್ಲಿಸುತ್ತ, ಕೊಂದ ಒಂದೊಂದು ನಾಯಿಗೆ ಎಂಟಾಣೆ ಬಹುಮಾನ ಕೊಡುತ್ತಿದ್ದರು. ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿಗಳು ಆ ವರ್ಷದ ಜೂನ್ 6ರಂದು ಸಿಡಿದೆದ್ದು, ಕೋಟೆಯೊಳಗಣ ಅಂಗಡಿಮುಂಗಟ್ಟುಗಳು ಮುಚ್ಚಿ, ನಗರದ ವ್ಯವಹಾರವೇ ನಿಂತುಹೋಗಿತ್ತು. ಇದೇ ನಗರದ ಪರಳದಲ್ಲಿ ಪ್ರಾಣಿಗಳಿಗಾಗಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ 1880ರ ದಶಕದಲ್ಲಿ ಎದ್ದು ನಿಂತಿತು. 1886ರಲ್ಲಿ ಪಶುವೈದ್ಯ ಕಾಲೇಜೂ ಅಲ್ಲಿಯೇ ಆರಂಭವಾಯಿತು. ನಾಯಿಯ ಮೇಲಣ ಸಿಟ್ಟು, ನಾಯಿಯ ಮೇಲಣ ಕರುಣೆ ಎರಡೂ ಈ ನಗರಕ್ಕೆ ಹಳೆಯವೇ.

ಯಜಮಾನರು ಭಾಷಣ ಮಾಡಬಲ್ಲವರಲ್ಲ. ಅವರು ಎದ್ದು ಮೂರು ಮಾತು ಹೇಳಿದರು. ಹುಡುಗನ ನಾಲ್ಕೂ ಸೂಜಿಗಳಿಗೆ ತಾವೇ ಕರೆದೊಯ್ಯುವುದು. ಹತ್ತು ದಿನ ನಾಯಿಯನ್ನು ಕಟ್ಟಿಹಾಕಿ ನಿಗಾ ಇಡುವುದು. ಆಮೇಲೆ ಅದಕ್ಕೆ ಶಸ್ತ್ರಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸುವುದು. ಕಾನೂನೂ ಈ ಕೊನೆಯ ಮಾತಿನಂತೆಯೇ ಇದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗೆ ಸಂತಾನಹರಣ ಮಾಡಿಸಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಬೇಕು. ದೂರ ಒಯ್ದು ಬಿಟ್ಟರೆ ಆ ಸ್ಥಳಕ್ಕೆ ಲಸಿಕೆಯಿಲ್ಲದ ಬೇರೆ ನಾಯಿ ಬರುವುದೇ ಹೊರತು ಸ್ಥಳ ಬರಿದಾಗಿ ಉಳಿಯದು.

ಸಭೆ ಒಪ್ಪಿತು. ಹತ್ತು ದಿನ ಕಳೆದರೂ ನಾಯಿ ಆರೋಗ್ಯವಾಗಿತ್ತು. ಮಹಾನಗರಪಾಲಿಕೆಯ ವ್ಯಾನು ಬಂದು ಒಯ್ದು, ಕೆಲವು ದಿನಗಳ ಬಳಿಕ ಕಿವಿಗೆ ಗುರುತಿನ ಕಚ್ಚು ಹಾಕಿಸಿಕೊಂಡ ರಾಜನನ್ನು ತಂದು ಬಿಟ್ಟಿತು. ಅಂದಿನಿಂದ ಅವನ ಊಟ ಮೆಟ್ಟಿಲಿನ ಬಳಿಯಲ್ಲ. ಹಿತ್ತಿಲ ನೀರಿನ ಟಾಂಕಿಯ ಹಿಂದೆ, ಮಕ್ಕಳೆಲ್ಲ ಮಲಗಿದ ಮೇಲೆ. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವೂ ಬೀದಿ ನಾಯಿಗಳಿಗೆ ಕಂಡಕಂಡ ಕಡೆ ಉಣಿಸದೆ ಗೊತ್ತುಪಡಿಸಿದ ಸ್ಥಳದಲ್ಲಿಯೇ ಉಣಿಸಬೇಕೆಂದು ಹೇಳಿತು. ಈ ಚಾಳಿನವರು ಅದನ್ನು ಮೊದಲೇ ಆಚರಣೆಗೆ ತಂದಿದ್ದರು.

ಆ ಬಾಲಕನ ತಾಯಿ ಇಂದಿಗೂ ರಾಜನಿಗೆ ಒಂದು ತುತ್ತು ಹಾಕುವುದಿಲ್ಲ. ಅದು ತಪ್ಪೆಂದು ನಾವು ಹೇಳಲಾರೆವು. ಪ್ರಾಣಿಯನ್ನು ಪ್ರೀತಿಸುವವರು ಪ್ರಾಣಿಗೆ ಹೆದರುವವರ ಮಾತನ್ನೂ ಕೇಳಬೇಕು. ಕರುಣೆ ನಮ್ಮದು, ಕಡಿತ ನೆರೆಯವರದು ಎಂದಾದರೆ ಅದು ಕರುಣೆಯೆನಿಸದು.

ಸೋಮವಾರದ ವಿನೋದಗಳು

ಹೋಟೆಲಿನವನಿಗೆ ಭಾನುವಾರವೆಂಬುದಿಲ್ಲ, ಲೋಕಕ್ಕೆ ರಜೆಯಾದ ದಿನವೇ ಅವನಿಗೆ ಹೆಚ್ಚು ದುಡಿಮೆ. 1948ರ ಮುಂಬಯಿ ಅಂಗಡಿ ಹಾಗೂ ಸಂಸ್ಥೆಗಳ ಕಾಯಿದೆ ಹೋಟೆಲು ನೌಕರರಿಗೂ ವಾರಕ್ಕೊಂದು ರಜೆಯ ಹಕ್ಕನ್ನು ಕೊಟ್ಟಿತು. ನಮ್ಮ ಯಜಮಾನರ ಪಾಲಿಗೆ ಬಂದಿರುವುದು ಸೋಮವಾರ. ಆ ದಿನವನ್ನು ಈ ದಂಪತಿಗಳು ಕಳೆಯುವ ರೀತಿ ನಮಗೆ ಬಹಳ ಹಿಡಿಸಿತು. ಏಕೆಂದರೆ ಅದರಲ್ಲಿ ಖರ್ಚು ಕಡಿಮೆ, ನಡಿಗೆ ಹೆಚ್ಚು.

ಬೆಳಿಗ್ಗೆ ಮಾಟುಂಗಾದ ಮಾರುಕಟ್ಟೆ. ಕೊಳ್ಳುವುದಕ್ಕಿಂತ ನೋಡುವುದೇ ಅಲ್ಲಿ ದೊಡ್ಡ ವಿನೋದ. ಮಂಗಳೂರು ಸೌತೆ, ಕೆಸುವಿನ ಎಲೆ, ಬಾಳೆಯೆಲೆ, ಕಟ್ಟಿದ ಮಲ್ಲಿಗೆ ಇವುಗಳ ನಡುವೆ ಒಂದು ಗಂಟೆ ಸುತ್ತಿದರೆ ಊರಿಗೆ ಹೋಗಿಬಂದಷ್ಟು ಸಮಾಧಾನವೆನ್ನುತ್ತಾರೆ ಆಕೆ. ಸಂಜೆ ದಾದರ್ ಪಾರ್ಸಿ ಕಾಲನಿಯ ಪಂಚ ಉದ್ಯಾನಗಳು. ಮಂಚೇರ್ಜಿ ಜೋಶಿಯವರೆಂಬ ದೂರದರ್ಶಿ ಎಂಜಿನಿಯರರ ಹೆಸರನ್ನು ಹೊತ್ತ ಈ ಐದು ತೋಟಗಳ ಸುತ್ತಣ ರಸ್ತೆಗಳಲ್ಲಿ ದೊಡ್ಡ ದೊಡ್ಡ ಮರಗಳ ನೆರಳು. ಹತ್ತು ಅಡಿಯ ಕೋಣೆಯಲ್ಲಿ ಕೈಕಾಲು ಮಡಿಸಿ ಬದುಕುವವರಿಗೆ ಕೈ ಬೀಸಿ ನಡೆಯುವುದೇ ಒಂದು ಐಶ್ವರ್ಯ. ಒಂಬತ್ತು ವರ್ಷ ಜೊತೆಯಾಗಿ ನಡೆಯದ ಗಂಡಹೆಂಡಿರು ಈಗ ವಾರವಾರವೂ ನಡೆದು ಆ ಬಾಕಿಯನ್ನು ತೀರಿಸುತ್ತಿದ್ದಾರೆ.

ಚಳಿಗಾಲ ಬಂದರೆ ವಡಾಲದಿಂದ ಹಾರ್ಬರ್ ಲೈನಿನಲ್ಲಿ ಒಂದೇ ನಿಲ್ದಾಣದಾಚೆಯ ಶಿವ್ಡಿಗೆ ಅವರ ಪಯಣ. ಅಲ್ಲಿಯ ಕೆಸರು ದಂಡೆಗೆ ನಸುಗೆಂಪು ಬಣ್ಣದ ಫ್ಲೆಮಿಂಗೋ ಹಕ್ಕಿಗಳು ಬರುತ್ತವೆ. ಉಬ್ಬರವಿಳಿತದ ವೇಳೆಯನ್ನು ತಿಳಿದು ಹೋಗಬೇಕು. ನೀರು ಪೂರಾ ಇಳಿದಾಗ ಹಕ್ಕಿಗಳು ಬಹುದೂರ. ನೀರು ಏರತೊಡಗಿದಂತೆ ದಡದ ಕಡೆಗೆ ಸರಿದುಬರುತ್ತವೆ. ಅವು ತಿನ್ನುವ ಪಾಚಿಯಲ್ಲಿರುವ ಬಣ್ಣವೇ ಅವುಗಳ ಗರಿಯ ಕೆಂಪಿಗೆ ಕಾರಣ. ಥಾಣೆ ಖಾರಿಯ ಒಂದು ಭಾಗವನ್ನು 2015ರಲ್ಲಿ ಈ ಹಕ್ಕಿಗಳ ಅಭಯಾರಣ್ಯವೆಂದು ಸಾರಲಾಯಿತು. 2022ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಯಲ್ಲೂ ಸ್ಥಾನ ದೊರೆಯಿತು. “ಅವೂ ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಬಂದವು, ಆದರೆ ಸಂಸಾರ ಸಮೇತ ಬಂದಿವೆ” ಎಂದರು ಯಜಮಾನರು. ಹೆಂಡತಿ ಅವರತ್ತ ಒಮ್ಮೆ ನೋಡಿದರು, ಮಾತನಾಡಲಿಲ್ಲ.

ಮಳೆಗಾಲದ ವಿನೋದ ಯಕ್ಷಗಾನ. ಪತ್ತನಾಜೆಯೊಂದಿಗೆ ಊರಿನಲ್ಲಿ ಮೇಳಗಳ ತಿರುಗಾಟ ಮುಗಿದ ಬಳಿಕ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಮಾಟುಂಗಾದಲ್ಲಿ 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಶನ್ ಮೊದಲಾಗಿ ಕನ್ನಡಿಗರ ಸಭಾಗೃಹಗಳಲ್ಲಿ ಆಟ, ತಾಳಮದ್ದಳೆ, ನಾಟಕಗಳು ಜರಗುತ್ತವೆ. ಮನೆಯಾಕೆಗೆ ತಾಳಮದ್ದಳೆಯ ವಾದವೆಂದರೆ ಪ್ರಾಣ. ಯಜಮಾನರು ಪೀಠಿಕೆ ಮುಗಿಯುವ ಮೊದಲೇ ನಿದ್ರೆಹೋಗಿ, ಮಂಗಳದ ಹೊತ್ತಿಗೆ ಸರಿಯಾಗಿ ಎಚ್ಚರಗೊಳ್ಳುತ್ತಾರೆ. ಮನೆಗೆ ನಡೆಯುವ ದಾರಿಯಲ್ಲಿ ಹೆಂಡತಿ ಕೃಷ್ಣನ ವಾದವನ್ನು ಹೇಳುತ್ತ ಬರುತ್ತಾರೆ, ಗಂಡ ಹೂಂಗುಟ್ಟುತ್ತಾರೆ. ಹೀಗೆ ಒಂದೇ ಪ್ರಸಂಗವನ್ನು ಇಬ್ಬರೂ ಸವಿದಂತಾಗುತ್ತದೆ.

ಊರಿಗೆ ಹೋಗುವಾಗ

ಪ್ರಾಣಿಯನ್ನು ಸಾಕಿದವರಿಗೆ ಪರೀಕ್ಷೆ ಬರುವುದು ಊರಿಗೆ ಹೊರಟಾಗ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದ ಮೇಲೆ ನಮಗೆ ಊರು ಒಂದು ರಾತ್ರಿಯ ದಾರಿಯಾಗಿದೆ. ಆದರೆ ನಮ್ಮಂಥವರು ಹೋಗುವ ಸ್ಲೀಪರ್ ಡಬ್ಬಿಯಲ್ಲಿ ನಾಯಿ ಬೆಕ್ಕುಗಳಿಗೆ ಪ್ರವೇಶವಿಲ್ಲ. ಜೊತೆಗೆ ಕೂರಿಸಿಕೊಳ್ಳಬೇಕಾದರೆ ಮೊದಲ ದರ್ಜೆಯ ಕೋಣೆಯನ್ನು ಪೂರ್ತಿಯಾಗಿ ಕಾದಿರಿಸಬೇಕು. ಇಲ್ಲವೇ ನಾಯಿಯನ್ನು ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಕಳುಹಿಸಬೇಕು. ಮೊದಲನೆಯದು ಗಲ್ಲಾದವರ ಸಂಬಳಕ್ಕೆ ಎಟುಕದು. ಎರಡನೆಯದಕ್ಕೆ ಮನಸ್ಸು ಒಪ್ಪದು.

ಆದುದರಿಂದ ವರ್ಷಕ್ಕೆ ಹದಿನೈದು ದಿನ ಪುಚ್ಚೆ ಅಜ್ಜಿಯ ಮನೆಯಲ್ಲಿ ವಾಸ. ರಾಜನ ತಟ್ಟೆ ಹೋಟೆಲಿನ ಇಬ್ಬರು ಹುಡುಗರ ಕೈಗೆ. ಹಿಂದಿರುಗುವಾಗ ಅಜ್ಜಿಗೆ ಕುಚ್ಚಲಕ್ಕಿ, ಹುಡುಗರಿಗೆ ಹಲಸಿನ ಹಪ್ಪಳ ಬರುತ್ತದೆ. ಮುಂಬಯಿಯಲ್ಲಿ ತಮ್ಮವರೆಂದು ಯಾರೂ ಇಲ್ಲವೆನ್ನುತ್ತಿದ್ದ ಮನೆಯಾಕೆಗೆ ಈಗ ಬೀಗದ ಕೈ ಕೊಟ್ಟು ಹೋಗುವಷ್ಟು ನಂಬಿಕೆಯ ಜನರಿದ್ದಾರೆ.

ಮುಂದೇನು?

ಇದೀಗ ಈ ಸಂಸಾರದ ಮುಂದೆ ದೊಡ್ಡ ಪ್ರಶ್ನೆಯೊಂದು ನಿಂತಿದೆ. ಚಾಳು ಪುನರ್ನಿರ್ಮಾಣಕ್ಕೆ ಹೋಗಲಿದೆ. ವರಳಿಯ ಬಿಡಿಡಿ ಚಾಳಿನಲ್ಲಿ 160 ಚದರ ಅಡಿಯ ಕೋಣೆಯಲ್ಲಿದ್ದ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ 500 ಚದರ ಅಡಿಯ ಹೊಸ ಮನೆಗಳ ಬೀಗದ ಕೈ ದೊರೆತ ಸುದ್ದಿಯನ್ನು ನಾವೆಲ್ಲ ಸಂತೋಷದಿಂದ ಓದಿದ್ದೇವೆ. ಆದರೆ ನಮ್ಮ ದಂಪತಿಗಳ ಕೋಣೆಯ ಪಗಡಿ ಬೇರೊಬ್ಬರದು. ಇವರು ಬರಿಯ ಬಾಡಿಗೆಯವರು. ಹೊಸ ಮನೆ ಇವರಿಗೆ ಬರುವುದಿಲ್ಲ. ಬೇರೆ ಕೋಣೆ ಹುಡುಕಲೇಬೇಕು. ಡೊಂಬಿವಲಿಯ ಕಡೆ ಎರಡು ಕೋಣೆಗಳನ್ನು ನೋಡಿ ಬಂದರು. ಒಂದು ಕಡೆ ದಲಾಲಿ, ಬೆಕ್ಕು ಇದ್ದರೆ ಕೋಣೆಯಿಲ್ಲ ಎಂದನಂತೆ.

ಕಾನೂನು ಇಲ್ಲಿ ಎಷ್ಟು ದೂರ ಬರುತ್ತದೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು. ವಸತಿ ಸಂಘಗಳು ಬಹುಮತದ ನಿರ್ಣಯದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಜೀವಿಗಳಲ್ಲಿ ದಯೆಯನ್ನು ನಮ್ಮ ಸಂವಿಧಾನದ 51ಎ ವಿಧಿ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಎಣಿಸಿದೆ. ಆದರೆ ಬಾಡಿಗೆಯ ಕರಾರಿನಲ್ಲಿ ಮನೆಯೊಡೆಯನು ಬರೆಸಿಕೊಳ್ಳುವ ಷರತ್ತು ಬೇರೆ ಮಾತು. ಸಹಿ ಹಾಕುವ ಮೊದಲು ಅದನ್ನು ಓದಿಸಿ ಕೇಳಬೇಕು. ಪ್ರಾಣಿ ಇರುವುದನ್ನು ಮುಚ್ಚಿಡದೆ ಹೇಳಬೇಕು. ಮುಚ್ಚಿಟ್ಟು ಹೊಕ್ಕವರು ಮೂರೇ ತಿಂಗಳಲ್ಲಿ ಪ್ರಾಣಿಯನ್ನು ಬೀದಿಗೆ ಬಿಟ್ಟ ಉದಾಹರಣೆಗಳನ್ನು ನಾವು ಕಂಡಿದ್ದೇವೆ.

ರಾಜನನ್ನು ಒಯ್ಯುವ ಪ್ರಶ್ನೆಯೇ ಇಲ್ಲ. ಅವನು ಆ ಬೀದಿಯವನು. ಅವನ ಗಡಿ ಅವನಿಗೆ ಗೊತ್ತು. ಹೋಟೆಲಿನ ಹುಡುಗರಿಬ್ಬರೂ ಅವನ ಊಟವನ್ನು ವಹಿಸಿಕೊಳ್ಳುವುದಾಗಿ ಹೇಳಿದ್ದಾರೆ. ಯಜಮಾನರು ಅದೇ ಹೋಟೆಲಿನಲ್ಲಿರುವುದರಿಂದ ದಿನಕ್ಕೊಮ್ಮೆ ಕಾಣಬಹುದು. ಇಷ್ಟನ್ನು ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು. ಬೆಕ್ಕಿನ ವಿಷಯದಲ್ಲಿ ಮಾತ್ರ ಮನೆಯಾಕೆಯ ನಿರ್ಧಾರ ಆಗಿಹೋಗಿದೆ. “ಅದು ಬೇಡವೆಂದ ಮನೆ ನಮಗೂ ಬೇಡ. ಇನ್ನೂ ನಾಲ್ಕು ಸ್ಟೇಶನ್ ಆಚೆ ಸಿಕ್ಕಿದರೂ ಆದೀತು” ಎಂದರು. ನಾಲ್ಕು ಸ್ಟೇಶನ್ನೆಂದರೆ ಗಂಡ ಬೆಳಿಗ್ಗೆ ಇನ್ನೂ ಅರ್ಧ ಗಂಟೆ ಮುಂಚೆ ಏಳಬೇಕು. ಅವರು ಆಕ್ಷೇಪಿಸಲಿಲ್ಲ.

ಎಲ್ಲರೂ ಬೆಕ್ಕು ನಾಯಿ ಸಾಕಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ರೋಗ ಬಂದರೆ ಖರ್ಚು ಮಾಡಲು ಶಕ್ತಿಯಿದೆಯೇ, ನಾವಿಲ್ಲದಾಗ ನೋಡಿಕೊಳ್ಳುವ ನೆರೆಯವರಿದ್ದಾರೆಯೇ, ಮನೆ ಬದಲಾಯಿಸಿದರೆ ಜೊತೆಗೆ ಒಯ್ಯುವ ಸಂಕಲ್ಪವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಹೌದೆನ್ನಲಾರದವರು ದೂರದಿಂದಲೇ ಪ್ರೀತಿಸುವುದು ಲೇಸು. ಆದರೆ ದೂರದ ಊರಿನಲ್ಲಿ ಸಂಸಾರ ಹೂಡಿದ ನಮ್ಮವರಿಗೆ ಈ ದಂಪತಿಗಳು ತೋರಿಸಿದ ಒಂದು ಸಂಗತಿ ಮನನೀಯ. ಇಬ್ಬರು ಒಬ್ಬರನ್ನೊಬ್ಬರು ನೋಡುತ್ತ ಕುಳಿತರೆ ಮಾತು ಬೇಗನೆ ಮುಗಿಯುತ್ತದೆ. ಇಬ್ಬರೂ ಕೂಡಿ ಮೂರನೆಯದೊಂದರ ಯೋಗಕ್ಷೇಮವನ್ನು ವಹಿಸಿಕೊಂಡರೆ ಮಾತು ಮುಗಿಯುವುದಿಲ್ಲ. ಅದು ಬೆಕ್ಕೇ ಆಗಬೇಕೆಂದಿಲ್ಲ. ಕಿಟಕಿಯ ತುಳಸಿಯಾಗಬಹುದು, ನೆರೆಯ ಮಗುವಿನ ಪಾಠವಾಗಬಹುದು, ಸಂಘದ ಭಜನೆಯಾಗಬಹುದು. ಕೋಣೆಯ ಬಾಡಿಗೆಯನ್ನು ತಿಂಗಳಿಗೊಮ್ಮೆ ತೆತ್ತರೆ ಸಾಕು. ಮನೆಯೆನ್ನಿಸಿಕೊಳ್ಳುವುದಕ್ಕೆ ದಿನದಿನವೂ ಏನಾದರೊಂದನ್ನು ತೆರಬೇಕಾಗುತ್ತದೆ.